ವೀಡಿಯೊಗೂ ಸನದ್ ಕೇಳೋಣ

ಮೊಬೈಲಿಗೆ ಬಂದ ವೀಡಿಯೊ ಕ್ಯಾಮರಾದಲ್ಲಿ ತೆಗೆದದ್ದೋ, ಕಂಪ್ಯೂಟರ್‌ನಲ್ಲಿ ಸೃಷ್ಟಿಸಿದ್ದೋ ಎಂಬುದು ಈಗ ಬರೀ ಕುತೂಹಲದ ಪ್ರಶ್ನೆಯಲ್ಲ. 2023ರ ಅಕ್ಟೋಬರ್ 1ರಂದು ಶಿವಮೊಗ್ಗದ ರಾಗಿಗುಡ್ಡದಲ್ಲಿ ಈದ್ ಮಿಲಾದ್ ಮೆರವಣಿಗೆ ವೇಳೆ ಕಲ್ಲು ತೂರಾಟವಾಗಿ ನಿಷೇಧಾಜ್ಞೆ ಬಂತು. ಅಂಥ ರಾತ್ರಿ ಒಂದು ಸುಳ್ಳು ವೀಡಿಯೊ ಹರಿದಾಡಿದರೆ ಶಿವಮೊಗ್ಗ, ಭದ್ರಾವತಿಯಲ್ಲಿ ಏನಾದೀತು ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮರುತಿಂಗಳೇ ನಮ್ಮ ಕೊಡಗಿನ ನಟಿ ರಶ್ಮಿಕಾ ಮಂದಣ್ಣ ಲಿಫ್ಟಿನೊಳಗೆ ಬರುವ ವೀಡಿಯೊ ದೇಶವೆಲ್ಲ ಸುತ್ತಿತು. ದೇಹ ಬೇರೊಬ್ಬ ಹೆಣ್ಣುಮಗಳದ್ದು, ಮುಖ ಮಾತ್ರ ರಶ್ಮಿಕಾರದ್ದು. ಮೊದಲ ಕ್ಷಣದಲ್ಲಿ ಅಸಲಿ ಮುಖ ಕಂಡು ಆಮೇಲೆ ಬದಲಾಗುತ್ತಿತ್ತು. ನಿಲ್ಲಿಸಿ ನೋಡಿದವರಿಗೆ ಅದು ಸಿಕ್ಕಿತು. 2024ರ ಜನವರಿಯಲ್ಲಿ ದಿಲ್ಲಿ ಪೊಲೀಸರು ಆರೋಪಿಯನ್ನು ಬಂಧಿಸಿದರು.

ಕಣ್ಣಿಗೆ ಸಿಗುವ ಗುರುತುಗಳು ಕೆಲವು ಉಂಟು. ಭದ್ರಾವತಿ ಬಸ್ಸಿನ ಕಿಟಕಿಯಿಂದ ನೋಡಿದರೆ ರಸ್ತೆ ಬದಿಯ ಕಂಬ ಸರ್ರನೆ ಹಿಂದೆ ಹೋಗುತ್ತದೆ, ದೂರದ ಮರ ನಿಧಾನ ಸರಿಯುತ್ತದೆ, ಗುಡ್ಡ ಅಲುಗುವುದೇ ಇಲ್ಲ. ಕ್ಯಾಮರಾ ಮುಂದೆ ಸಾಗುವಾಗಲೂ ಇದೇ ಲೆಕ್ಕ. ಕೃತಕ ವೀಡಿಯೊದಲ್ಲಿ ಈ ಲೆಕ್ಕ ಕೆಲವೊಮ್ಮೆ ತಪ್ಪುತ್ತದೆ. ಹತ್ತಿರದ್ದೂ ದೂರದ್ದೂ ಒಟ್ಟಿಗೆ ಜಾರುತ್ತವೆ. ಕಂಬದ ಹಿಂದೆ ಹೋದವನು ಈಚೆ ಬರುವಾಗ ಅಂಗಿಯೇ ಬೇರೆ ಆಗಿರುತ್ತದೆ. ಅಂಗಡಿ ಬೋರ್ಡಿನ ಅಕ್ಷರ ಓದಲಿಕ್ಕೆ ಬರುವುದಿಲ್ಲ.

ಆದರೆ ಇದನ್ನೇ ನಂಬಿ ಕೂತರೆ ಆಗುವುದಿಲ್ಲ. ತಂತ್ರಜ್ಞಾನ ಈ ತಪ್ಪುಗಳನ್ನು ದಿನದಿನಕ್ಕೆ ತಿದ್ದಿಕೊಳ್ಳುತ್ತಿದೆ. ವಾಟ್ಸ್‌ಆ್ಯಪ್‌ನಲ್ಲಿ ಕೈಬದಲಾಗಿ ಮಸುಕಾದ ವೀಡಿಯೊದಲ್ಲಿ ಗುರುತುಗಳೂ ಅಳಿಸಿಹೋಗುತ್ತವೆ. ಬೇರೆ ಊರಿನ ಹಳೇ ಗಲಾಟೆಯ ಅಸಲಿ ವೀಡಿಯೊಗೆ ನಮ್ಮ ಊರಿನ ಹೆಸರು ಹಾಕಿದರೆ ಚಿತ್ರದಲ್ಲಿ ಯಾವ ದೋಷವೂ ಸಿಗದು. ಇನ್ನೊಂದು ಅಪಾಯವೂ ಉಂಟು: ನಿಜವಾಗಿ ಅನ್ಯಾಯ ನಡೆದಾಗಲೂ ಅದು ಎಐ ವೀಡಿಯೊ ಎಂದು ತಳ್ಳಿಹಾಕಲಿಕ್ಕೆ ಸುಲಭವಾಗಿದೆ.

ಇದಕ್ಕೆ ದಾರಿ ನಮ್ಮ ಮದ್ರಸಗಳಲ್ಲೇ ಇದೆ. ಹದೀಸ್ ವಿದ್ವಾಂಸರು ಮತ್‌ನ್ ಅಂದರೆ ಹೇಳಿದ ಮಾತನ್ನು ಮಾತ್ರ ನೋಡಲಿಲ್ಲ, ಸನದ್ ಕೇಳಿದರು. ಯಾರು ಯಾರಿಂದ ಕೇಳಿದರು? ಅವರು ನಂಬಿಗಸ್ಥರೇ? ಸರಪಳಿ ನಡುವೆ ಕಡಿದಿದೆಯೇ? ವೀಡಿಯೊದಲ್ಲಿ ಚಿತ್ರ ಮತ್‌ನ್ ಇದ್ದಂತೆ. ತೆಗೆದದ್ದು ಯಾರು, ಎಲ್ಲಿ, ಯಾವಾಗ ಎಂಬುದು ಸನದ್. ಹಲವು ಬಾರಿ ಫಾರ್ವರ್ಡ್ ಆಗಿದೆ ಎಂಬ ಗುರುತು ಬಂದರೆ ಸರಪಳಿ ನಮ್ಮ ಕೈಯಲ್ಲಿಲ್ಲ ಎಂದೇ ಅರ್ಥ. ಅಂಥದ್ದನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸುವ ಮಿತಿಯನ್ನು ವಾಟ್ಸ್‌ಆ್ಯಪ್ 2020ರಲ್ಲೇ ತಂದಿದೆ.

ಅಲ್ ಹುಜುರಾತ್ ಅಧ್ಯಾಯದ 6ನೇ ವಚನ ಸುದ್ದಿಯನ್ನು ಪರಿಶೀಲಿಸಲು ಹೇಳುವುದು, ಅರಿಯದೆ ಒಂದು ಜನರಿಗೆ ಕೇಡು ಮಾಡಬಾರದೆಂದು. ಆ ಜನ ನಮ್ಮವರೇ ಆಗಬೇಕೆಂದಿಲ್ಲ. ಪಕ್ಕದ ಬೀದಿಯ ಅನ್ಯಧರ್ಮೀಯರ ಮೇಲಿನ ಸುಳ್ಳು ವೀಡಿಯೊಗೂ ಇದೇ ನಿಯಮ. ನಮ್ಮ ಪರವಾಗಿ ಬಂದ ಸುಳ್ಳು ಕೂಡ ಸುಳ್ಳೇ ಅಲ್ವಾ?

ಜಮಾಅತಿನ ಗ್ರೂಪುಗಳಲ್ಲಿ ವೀಡಿಯೊ ಹಾಕಿದವರಿಗೆ ಅಡ್ಮಿನ್‌ಗಳು ಈ ಮೂರು ಪ್ರಶ್ನೆ ಕೇಳಲಿ. ಉತ್ತರ ಇಲ್ಲದ್ದನ್ನು ಅಳಿಸಲಿ. ಗಲಭೆಗೆ ಕುಮ್ಮಕ್ಕು ಕೊಡುವಂಥದ್ದಾದರೆ ಪ್ರತಿ ಇಟ್ಟುಕೊಂಡು ಪೊಲೀಸರಿಗೆ ತಿಳಿಸಲಿ, ಬೇರೆ ಯಾರಿಗೂ ಕಳಿಸುವುದು ಬೇಡ.