ಗುಂಡಿ ತೋಡಿದ್ದು ಸಾಕು, ಒಲೆ ನೋಡೋಣ ಬನ್ನಿ

ಪ್ರತಿ ವರ್ಷ ಜೂನ್ 5ಕ್ಕೆ ನಾವು ಕ್ಯಾಂಪಸ್ಸಿನಲ್ಲಿ ಗಿಡ ನೆಡ್ತೀವಿ. ಬ್ಯಾನರ್ ಕಟ್ತೀವಿ, ಭಾಷಣ ಕೇಳ್ತೀವಿ, ಟೀ ಬಿಸ್ಕತ್ತು ಆಗುತ್ತೆ, ಸಂಜೆಗೆ ಸ್ಟೇಟಸ್ ಹಾಕ್ತೀವಿ. ಹೋದ ವರ್ಷ ನನಗೆ ಸಿಕ್ಕ ಗುಂಡಿಯಲ್ಲಿ ಅದರ ಹಿಂದಿನ ವರ್ಷದ ಸಸಿಯ ಪ್ಲಾಸ್ಟಿಕ್ ಚೀಲ ಇನ್ನೂ ಇತ್ತು. ಸಸಿ ಇರಲಿಲ್ಲ. ಚೀಲ ಕಿತ್ತು ಪಕ್ಕಕ್ಕೆಸೆದು ಅದೇ ಗುಂಡಿಗೆ ಹೊಸ ಹೊಂಗೆ ಸಸಿ ಇಟ್ಟೆ. ಫೋಟೋದಲ್ಲಿ ನಾನೂ ನಗ್ತಾ ಇದೀನಿ.

ಅದಾಗಿ ಒಂದು ತಿಂಗಳಿಗೆ ಊರಿಗೆ ಹೋದೆ. ನಮ್ಮೂರು ಅರಕಲಗೂಡು ತಾಲ್ಲೂಕು, ರಾಮನಾಥಪುರದ ಹತ್ತಿರ. ಪರೀಕ್ಷೆ ಗಲಾಟೆಯಲ್ಲಿ ಮೂರು ತಿಂಗಳಿಂದ ಆ ಕಡೆ ಹೋಗಿರಲಿಲ್ಲ. ಮನೆ ಹಿಂದೆ ಹೋಗಿ ನೋಡಿದ್ರೆ ಹುಣಸೆ ಮರ ಇಲ್ಲ. ತಾತನ ಕಾಲಕ್ಕೇ ಅದು ದೊಡ್ಡ ಮರವಾಗಿತ್ತಂತೆ. ಅದರ ಪೊಟರೆಯಲ್ಲಿ ಒಂದು ಜೋಡಿ ಹಾಲಕ್ಕಿ ಇದ್ದವು; ಸಂಜೆಯಾದರೆ ಹೊರಗೆ ಬಂದು ನಮ್ಮನ್ನೇ ದುರುಗುಟ್ಟಿ ನೋಡೋವು. ಈಗ ಮರ ಬ್ಯಾರನ್ ಪಕ್ಕದಲ್ಲಿ ತುಂಡು ತುಂಡಾಗಿ ಜೋಡಿಸಿಟ್ಟಿತ್ತು.

"ಯಾಕಪ್ಪ ಕಡಿಸಿದ್ದು?" ಅಂದೆ. "ಸೌದೆ ರೇಟು ಗೊತ್ತೇನೋ ನಿಂಗೆ? ಫೀಸು ಕಟ್ಟಬೇಕಲ್ಲಪ್ಪ," ಅಂದ್ರು. ನಾನು ಸುಮ್ಮನಾದೆ. ನನ್ನ ನಾಲ್ಕನೇ ಸೆಮಿಸ್ಟರ್ ಆ ಹುಣಸೆ ಮರದ ಮೇಲೆ ನಡೆದಿದೆ ಅಂತ ಈಗಲೂ ಅನಿಸುತ್ತೆ.

ಬೆಂಗಳೂರು ಕಡೆಯ ಫ್ರೆಂಡ್ಸ್‌ಗೆ ಇದೇನು ಅಂತ ಗೊತ್ತಿರಲಿಕ್ಕಿಲ್ಲ, ಹೇಳ್ತೀನಿ. ಅರಕಲಗೂಡಿನ ರಾಮನಾಥಪುರ, ಕೊಣನೂರು ಸುತ್ತಮುತ್ತ, ಹೊಳೆನರಸೀಪುರದ ಹಳ್ಳಿಮೈಸೂರು ಕಡೆ, ಆಚೆಗೆ ಪಿರಿಯಾಪಟ್ಟಣ, ಹುಣಸೂರಿನವರೆಗೂ ಬೆಳೆಯೋದು ವರ್ಜೀನಿಯಾ ತಂಬಾಕು, ಅಂದ್ರೆ ಸಿಗರೇಟಿನ ತಂಬಾಕು. ರಾಮನಾಥಪುರದಲ್ಲೇ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ಇದೆ. ಇದನ್ನು ಬಿಸಿಲಿಗೆ ಹರಡಿ ಒಣಗಿಸೋ ಹಾಗಿಲ್ಲ. ಹಸಿ ಎಲೆಯನ್ನು ಕಡ್ಡಿಗೆ ಕಟ್ಟಿ, ಬ್ಯಾರನ್ ಅನ್ನೋ ಎತ್ತರದ ಕೋಣೆಯಲ್ಲಿ ಸಾಲುಸಾಲಾಗಿ ತೂಗುಹಾಕ್ತಾರೆ. ಗೋಡೆಯ ಹೊರಗಿನಿಂದ ಒಲೆ. ಒಲೆಯ ಬಿಸಿ ಹೊಗೆ ಕಬ್ಬಿಣದ ಪೈಪಿನಲ್ಲಿ ಕೋಣೆಯ ನೆಲದುದ್ದಕ್ಕೂ ಸುತ್ತಿ ಚಿಮಣಿಯಿಂದ ಆಚೆ ಹೋಗುತ್ತೆ. ಸುಮಾರು 35 ಡಿಗ್ರಿಯಿಂದ ಶುರುಮಾಡಿ 70 ಡಿಗ್ರಿವರೆಗೂ ನಿಧಾನಕ್ಕೆ ಏರಿಸಬೇಕು. ಐದಾರು ದಿನ, ಹಗಲೂ ರಾತ್ರಿ. ಬೆಂಕಿ ಹೆಚ್ಚಾದರೆ ಎಲೆ ಕಪ್ಪಾಗುತ್ತೆ, ಹರಾಜಿನಲ್ಲಿ ರೇಟು ಬೀಳುತ್ತೆ. ಜುಲೈ ಆಗಸ್ಟಿನಲ್ಲಿ ನಮ್ಮೂರಲ್ಲಿ ಯಾರೂ ನೆಟ್ಟಗೆ ನಿದ್ದೆ ಮಾಡಲ್ಲ.

ಕರ್ನಾಟಕದಲ್ಲಿ ಒಂದು ಕೆ.ಜಿ. ತಂಬಾಕು ಬೇಯಿಸೋಕೆ ನಾಲ್ಕರಿಂದ ಐದು ಕೆ.ಜಿ. ಸೌದೆ ಬೇಕು ಅನ್ನೋದು ಸಾಮಾನ್ಯ ಲೆಕ್ಕ. ನಮ್ಮನೆದು ಒಂದೇ ಬ್ಯಾರನ್, ವರ್ಷಕ್ಕೆ ಹದಿನೈದು ಕ್ವಿಂಟಲ್ ಅಂತಿಟ್ಕೊಳ್ಳಿ. ಆರೇಳು ಟನ್ ಸೌದೆ. ರಾಜ್ಯಕ್ಕೆ ಮಂಡಳಿ ಕೊಡೋ ಅನುಮತಿ ಇತ್ತೀಚಿನ ವರ್ಷಗಳಲ್ಲಿ ಸುಮಾರು 10 ಕೋಟಿ ಕೆ.ಜಿ. ಆಸುಪಾಸು. ಗುಣಿಸಿ ನೋಡಿ: ನಾಲ್ಕೈದು ಲಕ್ಷ ಟನ್, ಪ್ರತಿ ವರ್ಷ.

ಇದೆಲ್ಲಾ ಕಾಡು ಅಲ್ಲ. ಕಾಡು ಕಡಿದರೆ ಕೇಸು ಆಗುತ್ತೆ, ಪೇಪರಿನಲ್ಲಿ ಬರುತ್ತೆ. ಕಾಫಿ ತೋಟದ ಸಿಲ್ವರ್ ಬರುತ್ತೆ, ನೀಲಗಿರಿ ಬರುತ್ತೆ, ಸರ್ವೆ ಬರುತ್ತೆ. ಅವು ಕಡಿಯೋಕೇ ಬೆಳೆಸಿದವು, ಅದಕ್ಕೆ ನನ್ನ ತಕರಾರಿಲ್ಲ. ನನ್ನ ಸಂಕಟ ಬದುವಿನ ಮರಗಳದ್ದು. ಮಾವು, ಹುಣಸೆ, ನೇರಳೆ, ಬೇವು, ಹಲಸು. ಇವನ್ನು ಯಾರೂ ಎಣಿಸಿಟ್ಟಿಲ್ಲ. ಹೊಲದಲ್ಲಿ ಒಂದು, ತೋಪಿನಲ್ಲಿ ಎರಡು, ಹೀಗೆ ಹೋಗ್ತಾವೆ. 1976ರ ಮರ ಸಂರಕ್ಷಣಾ ಕಾಯ್ದೆ ಪ್ರಕಾರ ಇವುಗಳಲ್ಲಿ ಬಹುತೇಕಕ್ಕೆ ಅನುಮತಿ ಬೇಕು. ಟ್ರ್ಯಾಕ್ಟರ್‌ನಲ್ಲಿ ತುಂಡಾಗಿ ಬಿದ್ದ ಮೇಲೆ ಯಾವುದು ಸಿಲ್ವರ್, ಯಾವುದು ನೇರಳೆ ಅಂತ ಯಾರು ಕೇಳ್ತಾರೆ? ನಾನು ಜೂನ್‌ನಲ್ಲಿ ನೆಟ್ಟ ಹೊಂಗೆ ಬದುಕಿದ್ರೂ ಅದರಲ್ಲಿ ಹಾಲಕ್ಕಿ ಗೂಡು ಮಾಡೋವಂಥ ಪೊಟರೆ ಆಗೋಕೆ ಎಷ್ಟು ದಶಕ ಬೇಕು, ನೀವೇ ಯೋಚಿಸಿ.

ಈಗ ನಾವು ಇಂಜಿನಿಯರಿಂಗ್‌ನವರು ಅಲ್ವಾ, ಒಂದು ಲೆಕ್ಕ ಮಾಡೋಣ. ಏಳೆಂಟು ಕೆ.ಜಿ. ಹಸಿ ಎಲೆ ಒಣಗಿ ಒಂದು ಕೆ.ಜಿ. ಆಗುತ್ತೆ, ಅಂದ್ರೆ ಆರೇಳು ಕೆ.ಜಿ. ನೀರು ಆವಿಯಾಗಬೇಕು. ಒಂದು ಕೆ.ಜಿ. ನೀರಿಗೆ ಸುಮಾರು 2.4 ಮೆಗಾಜೂಲ್ ಹಿಡಿದರೆ ಒಟ್ಟು ಹದಿನೈದು ಹದಿನಾರು ಮೆಗಾಜೂಲ್. ಗಾಳಿಗೆ ಒಣಗಿದ ಒಂದು ಕೆ.ಜಿ. ಸೌದೆಯಲ್ಲಿ ಇರೋ ಶಾಖವೂ ಹೆಚ್ಚುಕಡಿಮೆ ಅಷ್ಟೇ! ಒಂದು ಕೆ.ಜಿ. ಸೌದೆಯ ಕೆಲಸಕ್ಕೆ ನಾಲ್ಕೂವರೆ ಕೆ.ಜಿ. ಉರಿಸ್ತಾ ಇದೀವಿ. ಪೂರ್ತಿ ಶಾಖ ಯಾವತ್ತೂ ಎಲೆಗೆ ಸಿಗಲ್ಲ, ಗಾಳಿ ಬಿಸಿ ಆಗಬೇಕು, ತೇವದ ಗಾಳಿ ಆಚೆ ಹೋಗಲೇಬೇಕು, ಒಪ್ಪಿದೆ. ಆದ್ರೂ ಇಪ್ಪತ್ತು ಚಿಲ್ಲರೆ ಪರ್ಸೆಂಟ್ ದಕ್ಷತೆ ಅಂದ್ರೆ ನಮ್ಮ ಹುಣಸೆ ಮರದ ಮುಕ್ಕಾಲು ಭಾಗ ಚಿಮಣಿಯಿಂದ, ಹೆಂಚಿನ ಸಂದಿಯಿಂದ, ಗೋಡೆಯಿಂದ ಆಚೆ ಹೋಗಿದೆ. ಜೊತೆಗೆ ಮಳೆಗಾಲ. ಸೌದೆ ನೆನೆದಿರುತ್ತೆ. ಅದರಲ್ಲಿರೋ ನೀರನ್ನು ಆವಿ ಮಾಡೋಕೇ ಅದೇ ಸೌದೆ ಉರೀಬೇಕು. ಥರ್ಮೋಡೈನಾಮಿಕ್ಸ್ ಪೇಪರಿನಲ್ಲಿ ಇಂಥ ಪ್ರಶ್ನೆ ಬಂದರೆ ಹತ್ತು ಮಾರ್ಕ್ಸಿಗೆ ಬರೀತೀವಿ. ಬ್ಯಾರನ್ ಮುಂದೆ ನಿಂತು ನಾನು ಮೂರು ವರ್ಷದಲ್ಲಿ ಒಂದು ಸಲವೂ ಯೋಚಿಸಿರಲಿಲ್ಲ.

ದಕ್ಷತೆ ಇಪ್ಪತ್ತರಿಂದ ಮೂವತ್ತಕ್ಕೆ ಬಂದರೆ ಸೌದೆ ಮೂರರಲ್ಲಿ ಒಂದು ಪಾಲು ಉಳಿಯುತ್ತೆ, ನಮ್ಮನೆಯಂಥ ಒಂದು ಬ್ಯಾರನ್‌ಗೆ ಎರಡು ಟನ್‌ಗಿಂತ ಹೆಚ್ಚು. ಇದಕ್ಕೆ ರಾಕೆಟ್ ಸೈನ್ಸ್ ಬೇಡ. ಹೆಸರು ಮಾತ್ರ ರಾಕೆಟ್: ಆಫ್ರಿಕಾದ ಮಲಾವಿಯಲ್ಲಿ, ಜಿಂಬಾಬ್ವೆಯಲ್ಲಿ ಇದೇ ಸಮಸ್ಯೆಗೆ 'ರಾಕೆಟ್ ಬ್ಯಾರನ್' ಅಂತ ಮಾಡಿದ್ರು, ಕಡಿಮೆ ಸೌದೆ ಚೆನ್ನಾಗಿ ಉರಿಯೋ ಒಲೆ. ಚೀನಾದಲ್ಲಿ ಹೀಟ್ ಪಂಪ್‌ನಿಂದಲೇ ಬೇಯಿಸೋವೂ ಇವೆ. ನಮ್ಮೂರ ಕರೆಂಟ್ ನಂಬಿಕೊಂಡು ಅದು ಬೇಡ ಬಿಡಿ. ಒಲೆಗೆ ಒಂದು ಜಾಲರಿ, ಗಾಳಿ ಹಿಡಿತದಲ್ಲಿಡೋ ಬಾಗಿಲು, ಚಾವಣಿಗೆ ಶಾಖ ತಡೆಯೋ ಹೊದಿಕೆ, ಸೌದೆ ನೆನೆಯದಂತೆ ಒಂದು ಶೀಟಿನ ಮಾಡು. ಇಷ್ಟರಿಂದಲೇ ಶುರುಮಾಡಬಹುದು.

ಸೌದೆಯೇ ಯಾಕೆ ಅನ್ನೋದು ಇನ್ನೊಂದು ಪ್ರಶ್ನೆ. ನನ್ನ ರೂಮ್‌ಮೇಟ್ ಚನ್ನರಾಯಪಟ್ಟಣದವನು. ಅವರ ತೋಟದಲ್ಲಿ ತೆಂಗಿನ ಗರಿ, ಮಟ್ಟೆ ರಾಶಿ ಬಿದ್ದು ಎಷ್ಟೋ ಸಲ ಅಲ್ಲೇ ಬೆಂಕಿ ಹಾಕ್ತಾರಂತೆ. ಹಾಸನದಲ್ಲೇ ಕಾಫಿ ಕ್ಯೂರಿಂಗ್ ಕಾರ್ಖಾನೆಗಳಿವೆ, ಕಾಫಿ ಹೊಟ್ಟು ಬರುತ್ತೆ. ತಂಬಾಕು ಬೇಯಿಸೋಕೆ ಹೊಟ್ಟು ಬಳಸಿ ನೋಡಿದವರೂ ಇದ್ದಾರೆ. ಒಂದು ಕಡೆ ಕಸ ಅಂತ ಸುಡ್ತಾರೆ, ಎರಡು ಗಂಟೆ ದಾರಿಯಾಚೆ ಮರ ಕಡೀತಾರೆ. ಮಧ್ಯೆ ಬೇಕಾಗಿರೋದು ಒತ್ತಿ ಇಟ್ಟಿಗೆ ಮಾಡೋ ಯಂತ್ರ, ಸಾಗಾಣಿಕೆ ಲೆಕ್ಕ, ಆ ಇಟ್ಟಿಗೆಗೆ ಹೊಂದೋ ಒಲೆ. ಮೆಕ್ಯಾನಿಕಲ್‌ನವರು ಓದ್ತಾ ಇದೀರಾ?

"ತಂಬಾಕೇ ಬಿಟ್ಟುಬಿಡಿ" ಅಂತ ಕ್ಲಾಸಿನಲ್ಲಿ ಒಬ್ಬಳು ಅಂದ್ಲು. ಸರಿ ಮಾತು. ಕ್ಯಾನ್ಸರ್ ಕೊಡೋ ಬೆಳೆ ಬೆಳೆದು ಓದ್ತಾ ಇದೀನಿ ಅನ್ನೋದು ನನಗೂ ಹೆಮ್ಮೆಯೇನಲ್ಲ. ಆದ್ರೆ ನಮ್ಮ ಕಡೆ ಮೊದಲು ಆಲೂಗಡ್ಡೆ ಇತ್ತು, ಅದಕ್ಕೆ ಅಂಗಮಾರಿ ಬಂತು. ಶುಂಠಿ ಹಾಕಿದ್ರು, ಅದಕ್ಕೆ ಕೊಳೆರೋಗ, ಸಾಲದ್ದಕ್ಕೆ ಒಂದು ವರ್ಷ ಚಿನ್ನ, ಮರುವರ್ಷ ಮಣ್ಣು. ಹರಾಜು ಅಂತ ಒಂದು ವ್ಯವಸ್ಥೆ, ದುಡ್ಡು ಬ್ಯಾಂಕಿಗೆ ಬರೋ ಗ್ಯಾರಂಟಿ ಇರೋದು ತಂಬಾಕಿಗೇ. ಅಷ್ಟೇ ನಂಬಿಕೆಯ ಇನ್ನೊಂದು ಬೆಳೆ ಸಿಗೋವರೆಗೂ ಜುಲೈ ಬರುತ್ತೆ, ಒಲೆ ಹಚ್ಚಲೇಬೇಕು. ಸೌದೆ ಖರ್ಚು ಇಳಿದರೆ ಜನ ಇನ್ನೂ ಹೆಚ್ಚು ಬೆಳೀತಾರೆ ಅನ್ನೋ ಅನುಮಾನವೂ ನನಗಿದೆ. ಲೈಸೆನ್ಸಿನಲ್ಲಿ ಇಂತಿಷ್ಟೇ ಅಂತ ಮಿತಿ ಇದೆ, ಲೈಸೆನ್ಸ್ ಇಲ್ಲದೆ ಬೆಳೆಯೋರೂ ಇದ್ದಾರೆ. ಅದಕ್ಕೆ ಉತ್ತರ ನನ್ನ ಹತ್ತಿರ ಇಲ್ಲ. ಮರ ಮಾತ್ರ ಈ ವರ್ಷವೇ ಹೋಗ್ತಾ ಇದೆ.

ಫೈನಲ್ ಇಯರ್ ಪ್ರಾಜೆಕ್ಟ್ ಅಂತ ಪ್ರತಿ ವರ್ಷ ಗೆರೆ ಹಿಡಿದು ಓಡೋ ರೋಬೋ, ಮೊಬೈಲಿನಲ್ಲಿ ಆನ್ ಆಗೋ ಬಲ್ಬು ಮಾಡ್ತೀವಿ. ಕೆಲವನ್ನು ಸೀನಿಯರ್ಸ್ ಹತ್ತಿರ ಕೊಂಡು ಬಣ್ಣ ಬದಲಾಯಿಸ್ತೀವಿ (ಗೈಡ್‌ಗಳು ಇದನ್ನು ಓದಲ್ಲ ಅಂದ್ಕೊಂಡಿದೀನಿ). ನಾವು ನಾಲ್ಕು ಜನ ಈ ಸಲ ಬ್ಯಾರನ್ ತಗೊಂಡಿದೀವಿ. ಮೊದಲ ಕೆಲಸ ಅಳೆಯೋದು: ಬರೋ ಸೌದೆಯ ತೂಕ, ತೇವ, ಚಿಮಣಿಯ ಬಿಸಿ, ಒಳಗೆ ಮೇಲೆ ಕೆಳಗೆ ಎಷ್ಟೆಷ್ಟು ಡಿಗ್ರಿ. ಒಂದು ಸಲ ಈಗಿರೋ ಹಾಗೇ, ಆಮೇಲೆ ಒಂದೊಂದೇ ಬದಲಾವಣೆ ಮಾಡಿ. ನಮ್ಮ ಹತ್ತಿರ ಥರ್ಮೋಕಪಲ್ ಮೂರೇ ಇವೆ, ಕಡಿಮೆ ಅಂದ್ರೂ ಆರು ಬೇಕು. ಇರೋರು ದಯವಿಟ್ಟು ಹೇಳಿ.

ಜುಲೈ ಎರಡನೇ ವಾರ ನಮ್ಮನೆ ಬ್ಯಾರನ್ ಹಚ್ತಾರೆ. ಫ್ರೆಂಡ್ಸ್ ಬರ್ತಾರೆ, ಐದು ದಿನ ಇರ್ತಾರೆ, ಒಲೆಗೆ ತಂತಿ ಎಲ್ಲಾ ಸಿಕ್ಕಿಸ್ತೀವಿ ಅಂತ ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಎಲೆ ಕಪ್ಪಾದ್ರೆ ಮುಂದಿನ ಫೀಸು ನೀನೇ ಕಟ್ಕೋ," ಅಂದ್ರು. ಫೋನ್ ಇಡೋ ಮುಂಚೆ ಊಟಕ್ಕೆ ಎಷ್ಟು ಜನ ಅಂತಾನೂ ಕೇಳಿದ್ರು.