ಬಾಯಿಪಾಠದಿಂದ ನಡತೆಗೆ

ಕಳವು, ಕೊಲೆ, ಸುಳ್ಳು, ಕೋಪ, ಅನ್ಯರ ಬಗೆಗಿನ ಅಸಹ್ಯ, ಆತ್ಮಪ್ರಶಂಸೆ, ಪರನಿಂದೆ – ಈ ಏಳನ್ನು ತ್ಯಜಿಸುವುದೇ ಅಂತರಂಗ, ಬಹಿರಂಗಗಳ ಶುದ್ಧಿಯೆಂದು 12ನೆಯ ಶತಮಾನದಲ್ಲಿ ಬಸವಣ್ಣನವರು ಸಾರಿದರು. ಆ ವಚನ ನಾಡಿನ ಅನೇಕ ಮಕ್ಕಳಿಗೆ ಬಾಯಿಪಾಠವಾಗಿದೆ. 2024ರಲ್ಲಿ ಸರ್ಕಾರವು ಅವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು. ಆದರೆ ಘೋಷಣೆಯಾಗಲಿ ಬಾಯಿಪಾಠವಾಗಲಿ ತಾನಾಗಿಯೇ ನಡತೆಯಾಗದು.

ಕೊಪ್ಪ ತಾಲ್ಲೂಕಿನ ಬಸರೀಕಟ್ಟೆಯಂತಹ ಮಲೆನಾಡಿನ ಊರಿನಲ್ಲಿ ವಚನದ ಅರ್ಥ ಮಕ್ಕಳ ಕಣ್ಣೆದುರಿಗೇ ಇದೆ. ನೆರೆಯವರ ತೋಟದಲ್ಲಿ ಉದುರಿದ ಅಡಿಕೆ ಯಾರದು? ತೋಟದ ಕೆಲಸಕ್ಕೆ ಬಂದವರ ಮಗುವಿನ ಪಕ್ಕದಲ್ಲಿ ಊಟಕ್ಕೆ ಕುಳಿತವರು ಯಾರು?

"ಏಳರಲ್ಲಿ ಇಂದು ಯಾವುದನ್ನು ಪಾಲಿಸುವುದು ಕಷ್ಟವಾಯಿತು?" ಎಂದು ಹಿರಿಯರು ಸಂಜೆ ಮಕ್ಕಳನ್ನು ಕೇಳಲಿ, ಮೊದಲು ತಮ್ಮ ಉತ್ತರವನ್ನೇ ಹೇಳಲಿ. ತಪ್ಪನ್ನು ಒಪ್ಪಿಕೊಂಡ ಮಗುವಿಗೆ ದಂಡನೆ ದೊರೆತರೆ, ಅದು ಕಲಿಯುವುದು ಸುಳ್ಳನ್ನೇ.