ಟೇಪಿನೊಳಗಿನ ಅಜ್ಜಿ

ಅಟ್ಟದ ಮೇಲೆ ಹಳೇ ಹ್ಯಾಂಡಿಕ್ಯಾಮ್ ಇಟ್ಕೊಂಡಿರೋರಿಗೆಲ್ಲ ಒಂದು ಮಾತು ಹೇಳಬೇಕು ಅಂತ ತುಂಬಾ ದಿನದಿಂದ ಅನ್ನಿಸ್ತಿತ್ತು. ಜೊತೆಗಿರೋ ಮಿನಿ ಡಿವಿ ಟೇಪುಗಳನ್ನ ಕಂಪ್ಯೂಟರಿಗೆ ಇಳಿಸೋ ಕೆಲಸವನ್ನ "ಮುಂದಿನ ದೀಪಾವಳಿಗೆ ನೋಡೋಣ" ಅಂತ ಮುಂದೂಡಬೇಡಿ. ಟೇಪು ಹಾಳಾಗೋಕೆ ಮುಂಚೆ ಅದನ್ನ ಓದೋ ದಾರಿಯೇ ಮುಚ್ಚಿಹೋಗ್ತಿದೆ.

ಟೇಪಿನಲ್ಲಿರೋದು ಆಗಲೇ ಡಿಜಿಟಲ್. ಕ್ಯಾಮೆರಾದಿಂದ ಫೈರ್‌ವೈರ್ ಕೇಬಲ್ ಹಾಕಿದರೆ ಅದೇ ಸೊನ್ನೆ-ಒಂದುಗಳು ಹಾಗೇ ಹಾರ್ಡ್ ಡಿಸ್ಕಿಗೆ ಬರ್ತವೆ. ಗಂಟೆಗೆ ಸುಮಾರು 13 ಜಿಬಿ. ಯುಎಸ್‌ಬಿ ಇದೆಯಲ್ಲ ಅಂತೀರಾ? ಎಷ್ಟೋ ಕ್ಯಾಮೆರಾಗಳಲ್ಲಿ ಅದು ಇದ್ದದ್ದು ಮೆಮೊರಿ ಕಾರ್ಡಿನ ಫೋಟೋಗಳಿಗೆ ಅಷ್ಟೇ. ಈಗಿನ ಲ್ಯಾಪ್‌ಟಾಪುಗಳಲ್ಲಿ ಫೈರ್‌ವೈರ್ ಇರಲ್ಲ. ಆಪಲ್‌ನವರಂತೂ 2025ರ ಮ್ಯಾಕ್‌ಓಎಸ್ ಟಾಹೋದಲ್ಲಿ ಅದನ್ನ ಪೂರ್ತಿ ಕೈಬಿಟ್ಟರು. ಹಳೇ ಡೆಸ್ಕ್‌ಟಾಪಿಗೆ ಒಂದು ಫೈರ್‌ವೈರ್ ಕಾರ್ಡ್ ಹಾಕಿ, ಲಿನಕ್ಸ್‌ನಲ್ಲಿ ಡಿವಿಗ್ರ್ಯಾಬ್ ಓಡಿಸಿದರೆ ಕೆಲಸ ಆಗತ್ತೆ. ಡಿಸ್ಕು ಮಾತ್ರ ಫ್ಯಾಟ್32 ಆಗಿರಬಾರದು, ಅದರಲ್ಲಿ ಒಂದು ಫೈಲಿಗೆ 4 ಜಿಬಿಯೇ ಮಿತಿ.

"ಸ್ಟುಡಿಯೋದವರಿಗೆ ಕೊಟ್ಟು ಡಿವಿಡಿ ಮಾಡಿಸಿದರಾಯ್ತು" ಅನ್ನೋರಿದ್ದಾರೆ. ಟೇಪಿನಲ್ಲಿ ಸೆಕೆಂಡಿಗೆ 25 ಮೆಗಾಬಿಟ್ ಇರೋ ಚಿತ್ರವನ್ನ ಡಿವಿಡಿಗಾಗಿ 10ಕ್ಕಿಂತ ಕಮ್ಮಿಗೆ ಹಿಂಡಬೇಕು. ಹಿಂಡಿದ ಮೇಲೆ ಹೋದದ್ದು ಹೋಯ್ತು. ಡಿವಿಡಿ ಬೇಕಾದ್ರೆ ಮಾಡಿಸ್ಕೊಳ್ಳಿ, ಆದ್ರೆ ಮೂಲ ಫೈಲು ನಿಮ್ಮತ್ರ ಇರಲಿ. ಅಮೆರಿಕದಿಂದ ಮಾವನೋ ಅಣ್ಣನೋ ತಂದ ಕ್ಯಾಮೆರಾ ಆದ್ರೆ ರೆಕಾರ್ಡಿಂಗು ಎನ್‌ಟಿಎಸ್‌ಸಿ ಆಗಿರತ್ತೆ. ಅದನ್ನ ಪಾಲ್‌ಗೆ ಬದಲಾಯಿಸೋ ಗೋಜಿಗೂ ಹೋಗಬೇಡಿ.

ಇನ್ನು ಎಲ್ಲರೂ ಗೊಣಗೋದು, ಒಂದು ಗಂಟೆ ಟೇಪು ಇಳಿಸೋಕೆ ಒಂದು ಗಂಟೆಯೇ ಬೇಕು ಅಂತ. ನನ್ನ ಪ್ರಕಾರ ಅದೇ ಇದರ ಲಾಭ :) ಆ ಒಂದು ಗಂಟೆ ಮನೆಯ ಹಿರಿಯರನ್ನ ಪಕ್ಕದಲ್ಲಿ ಕೂರಿಸ್ಕೊಳ್ಳಿ. ನಮ್ಮನೆ ಗೃಹಪ್ರವೇಶದ ಟೇಪಿನಲ್ಲಿ ಅಜ್ಜಿ ಅಡುಗೆಮನೆಯಿಂದ "ಪುಟ್ಟೀ" ಅಂತ ಯಾರನ್ನೋ ಕೂಗ್ತಾರೆ. ಆ ಪುಟ್ಟಿ ಯಾರು ಅಂತ ಅಮ್ಮನಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಅಜ್ಜಿ ಈಗಿಲ್ಲ. ಅಮ್ಮ ಹೇಳಿದ್ದನ್ನೆಲ್ಲ ಒಂದು ಟೆಕ್ಸ್ಟ್ ಫೈಲಿನಲ್ಲಿ ಬರೆದು ವಿಡಿಯೋ ಪಕ್ಕದಲ್ಲೇ ಇಟ್ಟಿದ್ದೀನಿ. ಮಸುಕಾದ ಮುಖವನ್ನ ಚೊಕ್ಕ ಮಾಡೋ ಸಾಫ್ಟ್‌ವೇರು ಇವತ್ತು ಬೇಕಾದಷ್ಟಿದೆ, ಆ ಮುಖ ಯಾರದ್ದು ಅಂತ ಹೇಳೋರು ಮನೇಲೇ ಇರಬೇಕು.

ಇಳಿಸಿದ ಮೇಲೆ ಎರಡು ಕಾಪಿ ಮಾಡಿ, ಒಂದನ್ನ ಅಕ್ಕನ ಮನೇಲೋ ತಮ್ಮನ ಮನೇಲೋ ಇಡಿ. ಟೇಪನ್ನೂ ಎಸೀಬೇಡಿ. ಏನಂತೀರಾ?